ಖಾಲಿ ಬಿಟ್ಟ ಬೆಂಚುಗಳು: ಸಾಂತಿಯಾಗೊ ಕ್ರೀಡಾಂಗಣದ ಕಥೆ



ಗಡಿಯ ಈಚೆ ಕೇರಳದಲ್ಲಿ ಬೆಳೆದ ನಮಗೆ ಫುಟ್‌ಬಾಲನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಗದ್ದೆ ಒಣಗಿದ ಕೂಡಲೇ ಸೆವೆನ್ಸ್ ಪಂದ್ಯಗಳು ಶುರುವಾಗುತ್ತವೆ. ವಿಶ್ವಕಪ್ ಬಂತೆಂದರೆ ರಸ್ತೆಬದಿಯಲ್ಲಿ ಬ್ರೆಜಿಲ್, ಅರ್ಜೆಂಟೀನಾ ಧ್ವಜಗಳು ಏಳುತ್ತವೆ. ಆಟಗಾರರ ಹೆಸರು, ಗೋಲುಗಳ ಲೆಕ್ಕ ನಮಗೆ ಬಾಯಿಪಾಠ. ಆದರೆ ಆಟ ನಡೆಯುವ ಮೈದಾನಕ್ಕೂ ಒಂದು ಚರಿತ್ರೆ ಇದೆ ಎಂದು ನಾವು ಯೋಚಿಸುವುದು ಕಡಿಮೆ.

2015ರ ಜುಲೈ 4ರಂದು ಚಿಲಿ ದೇಶದ ರಾಜಧಾನಿ ಸಾಂತಿಯಾಗೊದಲ್ಲಿ ಕೋಪಾ ಅಮೆರಿಕಾ ಫೈನಲ್ ನಡೆಯಿತು. ಚಿಲಿಯ ಎದುರಾಳಿ ಮೆಸ್ಸಿಯ ಅರ್ಜೆಂಟೀನಾ. ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಆದರೂ ಗ್ಯಾಲರಿಯ ಒಂದು ಭಾಗದಲ್ಲಿ ಬಣ್ಣ ಮಾಸಿದ ಹಳೆಯ ಮರದ ಬೆಂಚುಗಳು ಖಾಲಿ ಇದ್ದವು. ಅಲ್ಲಿ ಯಾರನ್ನೂ ಕೂರಿಸುವುದಿಲ್ಲ. ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಒಂದು ದೇಶದ ಕಥೆಯೇ ತೆರೆದುಕೊಳ್ಳುತ್ತದೆ. ಅದರಲ್ಲಿ ನಮ್ಮ ಧರ್ಮಸಭೆಯ ಕಥೆಯೂ ಇದೆ.

ಸಂತ ಯಾಕೋಬರ ನಗರ

ಸಾಂತಿಯಾಗೊ ಎಂದರೆ ಪ್ರೇಷಿತ ಸಂತ ಯಾಕೋಬ. 1541ರಲ್ಲಿ ಸ್ಪೇನಿನವರು ಕಟ್ಟಿದ ಈ ಊರಿಗೆ ಅವರ ಹೆಸರನ್ನೇ ಇಟ್ಟರು. ನಗರದ ನ್ಯುನ್ಯೋವಾ ಎಂಬ ಭಾಗದಲ್ಲಿ, ಆಂಡಿಸ್ ಪರ್ವತಗಳು ಕಾಣುವ ಜಾಗದಲ್ಲಿ, 1938ರ ಡಿಸೆಂಬರ್ 3ರಂದು ರಾಷ್ಟ್ರೀಯ ಕ್ರೀಡಾಂಗಣ ಉದ್ಘಾಟನೆಯಾಯಿತು. ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣ ಅದಕ್ಕೆ ಮಾದರಿ. ಮೊದಲ ಪಂದ್ಯದಲ್ಲಿ ಅಲ್ಲಿನ ಜನಪ್ರಿಯ ಕ್ಲಬ್ ಕೋಲೊ-ಕೋಲೊ, ಬ್ರೆಜಿಲಿನ ಸಾವ್ ಕ್ರಿಸ್ತೊವಾವ್ ತಂಡವನ್ನು 6-3ರಿಂದ ಸೋಲಿಸಿತು.

1956ರಲ್ಲಿ ಚಿಲಿ ವಿಶ್ವಕಪ್ ನಡೆಸುವ ಅವಕಾಶ ಕೇಳಿತು. ಪಕ್ಕದ ಅರ್ಜೆಂಟೀನಾ ಬಳಿ ಎಲ್ಲವೂ ಇತ್ತು, ಚಿಲಿ ಬಳಿ ಹೆಚ್ಚೇನೂ ಇರಲಿಲ್ಲ. ನಮ್ಮಲ್ಲಿ ಏನೂ ಇಲ್ಲ, ಅದಕ್ಕೇ ಎಲ್ಲವನ್ನೂ ಮಾಡಿ ತೋರಿಸುತ್ತೇವೆ ಎಂಬ ಅರ್ಥದ ಮಾತು ಸಂಘಟಕ ಕಾರ್ಲೊಸ್ ದಿತ್ಬೋರ್ನ್ ಅವರ ಹೆಸರಿನಲ್ಲಿ ಇಂದಿಗೂ ಅಲ್ಲಿ ಪ್ರಚಲಿತ. ಅವಕಾಶ ಸಿಕ್ಕಿತು. ಆದರೆ 1960ರ ಮೇ 22ರಂದು ದಕ್ಷಿಣ ಚಿಲಿಯಲ್ಲಿ 9.5 ತೀವ್ರತೆಯ ಭೂಕಂಪವಾಯಿತು. ಉಪಕರಣಗಳಿಂದ ಅಳೆದ ಭೂಕಂಪಗಳಲ್ಲಿ ಇಂದಿಗೂ ಅದೇ ಅತಿ ದೊಡ್ಡದು. ಆದರೂ ಚಿಲಿ ಹಿಂಜರಿಯಲಿಲ್ಲ. ಕ್ರೀಡಾಂಗಣವನ್ನು ದೊಡ್ಡದು ಮಾಡಿತು. ದಿತ್ಬೋರ್ನ್ ಮಾತ್ರ ಅದನ್ನು ನೋಡಲು ಉಳಿಯಲಿಲ್ಲ. ವಿಶ್ವಕಪ್ ಶುರುವಾಗಲು ಸುಮಾರು ಒಂದು ತಿಂಗಳಿರುವಾಗ ತೀರಿಕೊಂಡರು.

1962ರ ಆ ವಿಶ್ವಕಪ್‌ನಲ್ಲಿ ಜೂನ್ 2ರಂದು ಚಿಲಿ ಮತ್ತು ಇಟಲಿ ನಡುವೆ ನಡೆದದ್ದು ಪಂದ್ಯಕ್ಕಿಂತ ಹೊಡೆದಾಟವೇ ಹೆಚ್ಚು. ಇಟಲಿಯ ಪತ್ರಕರ್ತರು ಸಾಂತಿಯಾಗೊವನ್ನು ಹೀನಾಯವಾಗಿ ಬರೆದಿದ್ದರೆಂಬ ಸಿಟ್ಟು ಜನರಲ್ಲಿತ್ತು. ಇಟಲಿಯ ಇಬ್ಬರನ್ನು ಹೊರಗೆ ಹಾಕಲಾಯಿತು, ಪೊಲೀಸರು ಮೈದಾನಕ್ಕೆ ಇಳಿದರು. ಚಿಲಿ 2-0ಯಿಂದ ಗೆದ್ದಿತು. ಅಂದಿನ ರೆಫರಿ ಇಂಗ್ಲೆಂಡಿನ ಕೆನ್ ಆಸ್ಟನ್. ಮುಂದೆ ಟ್ರಾಫಿಕ್ ಸಿಗ್ನಲ್ ನೋಡಿ ಹಳದಿ ಮತ್ತು ಕೆಂಪು ಕಾರ್ಡ್‌ಗಳ ಉಪಾಯ ಹೊಳೆದದ್ದು ಇವರಿಗೇ. 1970ರ ವಿಶ್ವಕಪ್‌ನಲ್ಲಿ ಅವು ಜಾರಿಗೆ ಬಂದವು.

ಚಿಲಿ ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ಗೆ 4-2ರಿಂದ ಸೋತಿತು. ಅದನ್ನು ನೋಡಲು ಈ ಕ್ರೀಡಾಂಗಣದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಬಳಿಕ ಯುಗೊಸ್ಲಾವಿಯಾವನ್ನು 1-0ಯಿಂದ ಸೋಲಿಸಿ ಚಿಲಿ ಮೂರನೇ ಸ್ಥಾನ ಪಡೆಯಿತು. ಜೂನ್ 17ರಂದು ಇಲ್ಲಿಯೇ ಬ್ರೆಜಿಲ್ ಚೆಕೊಸ್ಲೊವಾಕಿಯಾವನ್ನು 3-1ರಿಂದ ಸೋಲಿಸಿ ಕಪ್ ಎತ್ತಿತು. ಒಂದು ಸಣ್ಣ ದೇಶದ ಹೆಮ್ಮೆಯ ದಿನಗಳವು.

ಮೈದಾನ ಸೆರೆಮನೆಯಾದಾಗ

ಹನ್ನೊಂದು ವರ್ಷಗಳು ಕಳೆದವು. 1973ರ ಸೆಪ್ಟೆಂಬರ್ 11ರಂದು ಸೇನೆ, ಜನರಿಂದ ಆಯ್ಕೆಯಾದ ಅಧ್ಯಕ್ಷ ಸಾಲ್ವದೋರ್ ಅಲೆಂಡೆಯವರ ಸರ್ಕಾರವನ್ನು ಉರುಳಿಸಿತು. ಅಧ್ಯಕ್ಷರ ಅರಮನೆಯ ಮೇಲೆ ಬಾಂಬ್ ಬಿತ್ತು, ಅಲೆಂಡೆ ಒಳಗೇ ಸತ್ತರು. ಜನರಲ್ ಅಗುಸ್ತೊ ಪಿನೊಚೆ ಅಧಿಕಾರ ಹಿಡಿದರು. ಕಾರ್ಮಿಕರು, ವಿದ್ಯಾರ್ಥಿಗಳು, ಶಿಕ್ಷಕರು, ವೈದ್ಯರು, ಪಕ್ಷದ ಕಾರ್ಯಕರ್ತರು, ಹೀಗೆ ಸಾವಿರಾರು ಜನರನ್ನು ಹಿಡಿದರು. ಅಷ್ಟು ಮಂದಿಯನ್ನು ಕೂಡಿಹಾಕಲು ಜಾಗ ಬೇಕಿತ್ತು. ಮರುದಿನದಿಂದಲೇ ರಾಷ್ಟ್ರೀಯ ಕ್ರೀಡಾಂಗಣ ಸೆರೆಶಿಬಿರವಾಯಿತು.

ಗಂಡಸರನ್ನು ಗ್ಯಾಲರಿಯ ಕೆಳಗಿನ ಡ್ರೆಸ್ಸಿಂಗ್ ರೂಮುಗಳಲ್ಲಿ, ಓಣಿಗಳಲ್ಲಿ ತುಂಬಿದರು. ಹೆಂಗಸರನ್ನು ಈಜುಕೊಳದ ಪಕ್ಕದ ಕೋಣೆಗಳಲ್ಲಿ ಇಟ್ಟರು. ಹಗಲು ಹೊತ್ತಿನಲ್ಲಿ ಕೈದಿಗಳನ್ನು ಗ್ಯಾಲರಿಯ ಬೆಂಚುಗಳ ಮೇಲೆ ತಂದು ಕೂರಿಸುತ್ತಿದ್ದರು. ಎದುರಿಗೆ ಹಸಿರು ಮೈದಾನ, ಆಟವಿಲ್ಲ. ಧ್ವನಿವರ್ಧಕದಲ್ಲಿ ಹೆಸರು ಕೂಗಿದರೆ ಎದ್ದು ಹೋಗಬೇಕು. ಪಕ್ಕದ ಸೈಕಲ್ ಓಟದ ಅಂಗಳದಲ್ಲಿ ವಿಚಾರಣೆ, ಹಿಂಸೆ. ಮುಖಕ್ಕೆ ಮುಸುಕು ಹಾಕಿದ ಒಬ್ಬನನ್ನು ಕೈದಿಗಳ ಮುಂದೆ ನಡೆಸಿ, ಅವನು ಬೆರಳು ತೋರಿಸಿದವರನ್ನು ಎಳೆದೊಯ್ಯುತ್ತಿದ್ದರು. ಹೊರಗಿನ ಗೇಟಿನಲ್ಲಿ ತಾಯಂದಿರು, ಹೆಂಡತಿಯರು, ಮಕ್ಕಳು ತಮ್ಮವರ ಸುದ್ದಿಗಾಗಿ ದಿನಗಟ್ಟಲೆ ಕಾಯುತ್ತಿದ್ದರು.

ಸೆಪ್ಟೆಂಬರ್ 22ರ ಸುಮಾರಿಗೆ ಒಳಗೆ 7 ಸಾವಿರದಷ್ಟು ಜನರಿದ್ದರೆಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಅಂದಾಜು ಮಾಡಿತ್ತು. ಎರಡು ತಿಂಗಳಲ್ಲಿ ಹಾದುಹೋದವರ ಒಟ್ಟು ಲೆಕ್ಕ 12 ಸಾವಿರದಿಂದ 20 ಸಾವಿರದ ಮೇಲಿನವರೆಗೂ ಹೇಳಲಾಗುತ್ತದೆ. ಅಮೆರಿಕದ ಚಾರ್ಲ್ಸ್ ಹಾರ್ಮನ್ ಮತ್ತು ಫ್ರಾಂಕ್ ತೆರುಗ್ಗಿ ಎಂಬ ಇಬ್ಬರು ಯುವಕರೂ ಬಂಧಿತರಾಗಿ ಕೊಲೆಯಾದರು. ಹಾರ್ಮನ್ ಕಥೆ 1982ರಲ್ಲಿ 'ಮಿಸ್ಸಿಂಗ್' ಎಂಬ ಸಿನಿಮಾ ಆಯಿತು. ಗಾಯಕ ವಿಕ್ತೊರ್ ಹಾರಾ ಕೊಲೆಯಾದದ್ದೂ ಇಲ್ಲೇ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅವರನ್ನು ಹಿಡಿದಿಟ್ಟಿದ್ದು ಅದೇ ನಗರದ ಇನ್ನೊಂದು ಸಣ್ಣ ಒಳಾಂಗಣದಲ್ಲಿ. ಇಂದು ಅದಕ್ಕೆ ಅವರದೇ ಹೆಸರಿದೆ.

ಗೇಟಿನೊಳಗೆ ಹೋದ ಕಾರ್ಡಿನಲ್

ಆಗ ಸಾಂತಿಯಾಗೊದ ಮಹಾಧರ್ಮಾಧ್ಯಕ್ಷರಾಗಿದ್ದವರು ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್. ಡಾನ್ ಬಾಸ್ಕೊ ಅವರ ಸಲೇಸಿಯನ್ ಸಭೆಗೆ ಸೇರಿದವರು. ಇಲ್ಲಿ ನಾವು ಒಂದು ಸತ್ಯ ಹೇಳಲೇಬೇಕು. ಚಿಲಿಯ ಧರ್ಮಸಭೆಯೊಳಗೂ ಸೇನೆಯ ಕ್ರಮವನ್ನು ಒಪ್ಪಿದವರಿದ್ದರು. ಸೆಪ್ಟೆಂಬರ್ 18ರ ರಾಷ್ಟ್ರೀಯ ದಿನದಂದು ದೇವಾಲಯದಲ್ಲಿ ನಡೆದ ಪ್ರಾರ್ಥನಾವಿಧಿಗೆ ಸೇನಾಧಿಕಾರಿಗಳು ಬಂದು ಕುಳಿತಿದ್ದರು. ಅದನ್ನು ನಡೆಸಿಕೊಟ್ಟವರು ಇದೇ ಕಾರ್ಡಿನಲ್.

ಆದರೆ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 24ರಂದು, ಅವರು ಕ್ರೀಡಾಂಗಣದ ಗೇಟು ದಾಟಿ ಒಳಗೆ ಹೋದರು. ಕೈದಿಗಳಲ್ಲಿ ಎಷ್ಟೋ ಮಂದಿ ದೇವರನ್ನೇ ನಂಬದವರು. ನಿಮ್ಮಲ್ಲಿ ಹಲವರಿಗೆ ನಾನು ಯಾರೆಂದು ಗೊತ್ತಿಲ್ಲದಿರಬಹುದು ಎಂದು ತಮ್ಮ ಹೆಸರು ಹೇಳಿಕೊಂಡರು. ತಮ್ಮ ಸಭೆ ಎಲ್ಲರ ಸೇವಕಿ, ಅದರಲ್ಲೂ ನೋವಿನಲ್ಲಿರುವವರ ಸೇವಕಿ ಎಂಬ ಅರ್ಥದಲ್ಲಿ ಮಾತನಾಡಿದರು. ಯಾರು ಯಾವ ಪಕ್ಷ, ಯಾವ ಮತ ಎಂದು ಕೇಳಲಿಲ್ಲ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಕಥೋಲಿಕರು, ಲೂಥರನ್ನರು, ಮೆಥೋಡಿಸ್ಟರು, ಯೆಹೂದಿಗಳು ಸೇರಿ ಶಾಂತಿಗಾಗಿ ಒಂದು ಸಮಿತಿ ಮಾಡಿದರು. ಬಂಧಿತರಿಗೆ ವಕೀಲರು, ಮನೆಯವರಿಗೆ ಅನ್ನ, ಕಾಣೆಯಾದವರ ಹುಡುಕಾಟ, ಇವು ಅದರ ಕೆಲಸ. 1975ರ ಕೊನೆಗೆ ಪಿನೊಚೆ ಒತ್ತಡ ಹಾಕಿ ಅದನ್ನು ಮುಚ್ಚಿಸಿದರು. 1976ರ ಜನವರಿ 1ರಂದು ಕಾರ್ಡಿನಲ್ ಅದೇ ಕೆಲಸವನ್ನು ಮಹಾಧರ್ಮಪ್ರಾಂತದ ಒಳಗೇ 'ವಿಕಾರಿಯಾ ದೆ ಲಾ ಸೊಲಿದಾರಿದಾದ್' ಎಂಬ ಹೆಸರಿನಲ್ಲಿ ಶುರು ಮಾಡಿದರು. 1978ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಬಂತು. ಅಲ್ಲಿನವರು ಬರೆದಿಟ್ಟ ಒಂದೊಂದು ದೂರು, ಒಂದೊಂದು ಹೆಸರು ಮುಂದೆ ಸತ್ಯಶೋಧನಾ ಆಯೋಗಕ್ಕೆ ಆಧಾರವಾಯಿತು. ಆ ಆಡಳಿತದಲ್ಲಿ ಕೊಲೆಯಾದವರು, ಕಾಣೆಯಾದವರು 3 ಸಾವಿರಕ್ಕೂ ಹೆಚ್ಚು.

ಎದುರಾಳಿಯೇ ಇಲ್ಲದ ಪಂದ್ಯ

ಇದೇ ಹೊತ್ತಿಗೆ 1974ರ ವಿಶ್ವಕಪ್‌ಗೆ ಅರ್ಹತೆ ಪಡೆಯಲು ಚಿಲಿ ಸೋವಿಯತ್ ಒಕ್ಕೂಟದ ಜೊತೆ ಎರಡು ಪಂದ್ಯ ಆಡಬೇಕಿತ್ತು. ಸೆಪ್ಟೆಂಬರ್ 26ರಂದು ಮಾಸ್ಕೋದಲ್ಲಿ 0-0. ಎರಡನೆಯದು ಈ ಕ್ರೀಡಾಂಗಣದಲ್ಲಿ. ರಕ್ತ ಹರಿದ ಜಾಗದಲ್ಲಿ ಆಡುವುದಿಲ್ಲ ಎಂದು ಸೋವಿಯತ್‌ನವರು ಪಟ್ಟು ಹಿಡಿದರು. ಫಿಫಾ ಅಕ್ಟೋಬರ್‌ನಲ್ಲಿ ಇಬ್ಬರನ್ನು ಪರಿಶೀಲನೆಗೆ ಕಳಿಸಿತು. ಅವರು ಮೈದಾನದ ಹುಲ್ಲು ನೋಡಿದರು, ಎಲ್ಲ ಸರಿಯಿದೆ ಎಂದು ವರದಿ ಕೊಟ್ಟರು. ಆ ದಿನವೂ ಗ್ಯಾಲರಿಯ ಕೆಳಗೆ ಕೈದಿಗಳಿದ್ದರು!

ನವೆಂಬರ್ ಹೊತ್ತಿಗೆ ಕೈದಿಗಳನ್ನು ಖಾಲಿ ಮಾಡಿಸಿ, ಹಲವರನ್ನು ಉತ್ತರದ ಮರುಭೂಮಿಯ ಚಾಕಬುಕೊ ಶಿಬಿರಕ್ಕೆ ಸಾಗಿಸಿದರು. ನವೆಂಬರ್ 21ರಂದು ಚಿಲಿಯ ಆಟಗಾರರು ಮೈದಾನಕ್ಕಿಳಿದರು. ಎದುರಿಗೆ ಯಾರೂ ಇಲ್ಲ. ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತಾ ಹೋಗಿ, ನಾಯಕ ಫ್ರಾನ್ಸಿಸ್ಕೊ ವಾಲ್ದೆಸ್ ಖಾಲಿ ಗೋಲಿಗೆ ಒದ್ದರು. ಚಿಲಿ ವಿಶ್ವಕಪ್‌ಗೆ ಹೋಯಿತು. ಬಂದ ಜನರಿಗಾಗಿ ಬಳಿಕ ಬ್ರೆಜಿಲಿನ ಸಾಂತೊಸ್ ಜೊತೆ ಪ್ರದರ್ಶನ ಪಂದ್ಯ ಆಡಿಸಿದರು. ಅದರಲ್ಲಿ ಚಿಲಿ 0-5ರಿಂದ ಸೋತಿತು.

ಆ ತಂಡದಲ್ಲಿದ್ದ ಕಾರ್ಲೊಸ್ ಕಾಸೆಲಿ ಮಿಲಿಟರಿ ಆಡಳಿತದ ವಿರೋಧಿ. ವಿಶ್ವಕಪ್‌ಗೆ ಹೊರಡುವ ಮುನ್ನ ಪಿನೊಚೆ ಕೈ ಚಾಚಿದಾಗ ತಾನು ಕೈ ಕೊಡಲಿಲ್ಲ ಎಂದು ಅವರು ಹೇಳಿದ್ದಾರೆ. ವಿಶ್ವಕಪ್ ಚರಿತ್ರೆಯಲ್ಲಿ ಕೆಂಪು ಕಾರ್ಡ್ ಕಂಡ ಮೊದಲ ಆಟಗಾರರೂ ಇವರೇ, 1974ರಲ್ಲಿ. ಪಿನೊಚೆ ಮುಂದುವರಿಯಬೇಕೇ ಬೇಡವೇ ಎಂಬ 1988ರ ಜನಮತಗಣನೆಯ ಹೊತ್ತಿನಲ್ಲಿ ಟಿವಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ತನ್ನನ್ನು ಬಂಧಿಸಿ ಹಿಂಸಿಸಿದ್ದನ್ನು ಶಾಂತವಾಗಿ ಹೇಳಿದರು. ಕೊನೆಗೆ ಕಾಸೆಲಿ ಬಂದು, ಇವರು ನನ್ನ ಅಮ್ಮ ಎಂದರು. ಅಕ್ಟೋಬರ್ 5ರಂದು ಸುಮಾರು 56 ಶೇಕಡಾ ಜನ 'ಬೇಡ' ಎಂದು ಮತ ಹಾಕಿದರು.

ಏಳು ಎಂಬ ಕರೆ

ಅದಕ್ಕೂ ಒಂದು ವರ್ಷ ಮುಂಚೆ, 1987ರ ಏಪ್ರಿಲ್ 2ರಂದು, ಜಗದ್ಗುರು ಎರಡನೇ ಜಾನ್ ಪಾಲ್ ಇದೇ ಕ್ರೀಡಾಂಗಣದಲ್ಲಿ ಚಿಲಿಯ ಯುವಜನರನ್ನು ಭೇಟಿಯಾದರು. ಇದು ಸ್ಪರ್ಧೆಗಳ ಜಾಗ ಮಾತ್ರವಲ್ಲ, ಹಿಂದೆ ನೋವು ಕಂಡ ಜಾಗವೂ ಹೌದು ಎಂದು ಅವರು ನೆನಪಿಸಿದರು. ಅಧಿಕಾರದಲ್ಲಿ ಪಿನೊಚೆ ಇನ್ನೂ ಇದ್ದಾಗ ಬಹಿರಂಗವಾಗಿ ಇಷ್ಟು ಹೇಳುವುದೂ ಸಣ್ಣ ಮಾತಲ್ಲ. ಅವರು ಆರಿಸಿಕೊಂಡ ಶುಭಸಂದೇಶ ಯಾಯೀರನ ಮಗಳದ್ದು. ಎಲ್ಲರೂ ಸತ್ತಳೆಂದು ಅಳುತ್ತಿದ್ದಾಗ ಪ್ರಭು ಯೇಸು ಆಕೆ ನಿದ್ರಿಸುತ್ತಿದ್ದಾಳೆ ಎಂದು ಕೈಹಿಡಿದು ಎಬ್ಬಿಸಿದ ಕಥೆ. ಆ ಬೆಂಚುಗಳ ಮೇಲೆ ಕುಳಿತಿದ್ದ ಯುವಜನರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

1990ರ ಮಾರ್ಚ್ 12ರಂದು, ಚುನಾಯಿತ ಅಧ್ಯಕ್ಷ ಪಾತ್ರಿಸಿಯೊ ಆಯ್ಲ್ವಿನ್ ಅಧಿಕಾರ ವಹಿಸಿಕೊಂಡ ಮರುದಿನ, ಜನ ಮತ್ತೆ ಇಲ್ಲಿ ಸೇರಿದರು. ಚಿಲಿಯ ರಾಷ್ಟ್ರೀಯ ನೃತ್ಯ ಕುವೆಕಾ, ಗಂಡು ಹೆಣ್ಣು ಜೋಡಿಯಾಗಿ ಕುಣಿಯುವಂಥದ್ದು. ಅಂದು ಕಾಣೆಯಾದವರ ಮನೆಯ ಹೆಂಗಸರು ಅದನ್ನು ಒಂಟಿಯಾಗಿ ಕುಣಿದರು.

ಯಾಕೆ ಕೆಡವಲಿಲ್ಲ?

ಇಂಥ ಜಾಗವನ್ನು ಕೆಡವಿಬಿಡಬಹುದಿತ್ತು. ಇಲ್ಲವೇ ಸುಣ್ಣಬಣ್ಣ ಬಳಿದು ಮರೆತುಬಿಡಬಹುದಿತ್ತು. ಚಿಲಿಯವರು ಎರಡನ್ನೂ ಮಾಡಲಿಲ್ಲ. 2003ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಉಳಿದ ಕಡೆ ಹೊಸ ಆಸನಗಳು ಬಂದರೂ, 8ನೇ ದ್ವಾರದ ಬಳಿಯ ಹಳೆಯ ಮರದ ಬೆಂಚುಗಳನ್ನು ಹಾಗೆಯೇ ಬಿಟ್ಟು ಬೇಲಿ ಹಾಕಿದರು. ನೆನಪಿಲ್ಲದ ಜನರಿಗೆ ಮುಂದಿನ ದಾರಿಯೂ ಇಲ್ಲ ಎಂಬ ಅರ್ಥದ ಬರಹ ಅಲ್ಲಿದೆ. ಉಳಿದ ಕ್ರೀಡಾಂಗಣದಲ್ಲಿ ಆಟ ನಡೆಯುತ್ತದೆ, ಹಾಡು ನಡೆಯುತ್ತದೆ. ಚುನಾವಣೆಯ ದಿನ ಅಲ್ಲೇ ಮತಗಟ್ಟೆಗಳು. ಹಿಂದೆ ಹೆಸರು ಕೂಗಿ ಎಳೆದೊಯ್ದ ಜಾಗದಲ್ಲಿ ಇಂದು ಮತಪತ್ರ ಕೊಡುತ್ತಾರೆ.

2015ರ ಆ ಫೈನಲ್ 0-0ಯಿಂದ ಪೆನಾಲ್ಟಿಗೆ ಹೋಯಿತು. ಕೊನೆಯ ಒದೆತವನ್ನು ಅಲೆಕ್ಸಿಸ್ ಸಾಂಚೆಸ್ ಮೆಲ್ಲಗೆ ಎತ್ತಿ ಗೋಲಿನ ನಡುವಿಗೆ ಹಾಕಿದರು. ಚಿಲಿಗೆ ಮೊದಲ ಕೋಪಾ ಅಮೆರಿಕಾ. ಇಡೀ ಕ್ರೀಡಾಂಗಣ ಎದ್ದು ಕುಣಿಯಿತು. ಖಾಲಿ ಬೆಂಚುಗಳು ಖಾಲಿಯಾಗಿಯೇ ಇದ್ದವು.

ನಮ್ಮ ಪೂಜೆಯಲ್ಲೂ ಹೀಗೇ ಅಲ್ಲವೇ? ಪುನರುತ್ಥಾನದ ಸಂತೋಷವನ್ನು ಹಾಡುವ ಅದೇ ಪೀಠದ ಹಿಂದೆ ಶಿಲುಬೆ ಇರುತ್ತದೆ. ಅದನ್ನು ತೆಗೆದಿಟ್ಟು ನಾವು ಹಬ್ಬ ಮಾಡುವುದಿಲ್ಲ. ಸೆರೆಯಲ್ಲಿರುವವರನ್ನು ಕಾಣಹೋಗುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಅದನ್ನು ಬಾಯಿಪಾಠ ಹೇಳುವುದು ಸುಲಭ, ಬಂದೂಕು ಕಾಯುವ ಗೇಟಿನೊಳಗೆ ಹೋಗುವುದು ಸುಲಭವಲ್ಲ. ಹುಲ್ಲು ಮಾತ್ರ ನೋಡಿ ಹಿಂದಿರುಗಿದವರೂ ಇದ್ದರು, ಗ್ಯಾಲರಿಯ ಕೆಳಗಿನವರನ್ನು ನೋಡಲು ಹೋದವರೂ ಇದ್ದರು. ಎರಡು ಭೇಟಿಗಳ ನಡುವೆ ಇದ್ದದ್ದು ಒಂದೇ ತಿಂಗಳು.

ಮುಂದಿನ ಸಲ ಟಿವಿಯಲ್ಲಿ ಚಿಲಿಯ ಪಂದ್ಯ ನೋಡುವಾಗ ಆ ಬೆಂಚುಗಳನ್ನು ಹುಡುಕೋಣ. ಕಂಡರೆ, ಒಂದು ಕ್ಷಣ ಅಲ್ಲಿ ಕುಳಿತಿದ್ದವರಿಗಾಗಿ ಪ್ರಾರ್ಥಿಸೋಣ.