ಸಿಬ್ಬಂದಿ ಸಾಮರ್ಥ್ಯ ನಿರ್ವಹಣೆ

ಸಿಬ್ಬಂದಿ ಸಾಮರ್ಥ್ಯ ನಿರ್ವಹಣೆ ಎಂದರೆ ಒಂದು ಸಂಸ್ಥೆಯಲ್ಲಿ ಏಕಕಾಲಕ್ಕೆ ನಡೆಯುವ ಹಲವು ಯೋಜನೆಗಳ ನಡುವೆ, ಇರುವ ಸಿಬ್ಬಂದಿಯ ಸಮಯವನ್ನೂ ಕೌಶಲವನ್ನೂ ಲೆಕ್ಕಹಾಕಿ ಹಂಚುವ ಕ್ರಮ. ಇದು ಯೋಜನಾ ನಿರ್ವಹಣೆಯ ಒಂದು ಅಂಗ. ತಂತ್ರಾಂಶ, ಕಟ್ಟಡ ನಿರ್ಮಾಣ, ಎಂಜಿನಿಯರಿಂಗ್ ವಿನ್ಯಾಸ, ಸಂಶೋಧನೆ, ಲೆಕ್ಕಪರಿಶೋಧನೆ ಮೊದಲಾದ ಕ್ಷೇತ್ರಗಳಲ್ಲಿ ಇದು ಬಳಕೆಯಲ್ಲಿದೆ. ಯಾವ ಕೆಲಸಕ್ಕೆ ಎಂಥವರು, ಎಷ್ಟು ಕಾಲ ಬೇಕು ಎಂಬುದು ಬೇಡಿಕೆ. ಇರುವವರಲ್ಲಿ ಯಾರಿಗೆ ಎಷ್ಟು ಬಿಡುವಿದೆ ಎಂಬುದು ಸಾಮರ್ಥ್ಯ. ಇವೆರಡನ್ನೂ ಹೊಂದಿಸುವುದು ಈ ಕ್ರಮದ ಉದ್ದೇಶ.

ಹಿನ್ನೆಲೆ

ಕೆಲಸವನ್ನೂ ಕಾಲವನ್ನೂ ಒಂದೇ ನಕ್ಷೆಯಲ್ಲಿ ತೋರಿಸುವ ವಿಧಾನವನ್ನು ಪೋಲೆಂಡಿನ ಎಂಜಿನಿಯರ್ ಕರೋಲ್ ಆದಾಮಿಯೆಟ್ಸ್ಕಿ 1896ರಲ್ಲಿ ರೂಪಿಸಿದರು. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ನಕ್ಷೆ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯಲ್ಲಿ ನಿರ್ಣಾಯಕ ಪಥ ವಿಧಾನವೂ, ಅಮೆರಿಕ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ ಪರ್ಟ್ ವಿಧಾನವೂ ರೂಪುಗೊಂಡವು. ಇವು ಮುಖ್ಯವಾಗಿ ಕೆಲಸಗಳ ಅನುಕ್ರಮವನ್ನೂ ಅವಧಿಯನ್ನೂ ಲೆಕ್ಕಹಾಕುತ್ತಿದ್ದವು. ಒಬ್ಬರೇ ಒಂದೇ ವಾರ ಎರಡು ಕಡೆ ಬೇಕಾದಾಗ ಏನು ಮಾಡಬೇಕೆಂಬುದಕ್ಕೆ ಅವುಗಳಲ್ಲಿ ನೇರವಾದ ಉತ್ತರ ಇರಲಿಲ್ಲ. ಈ ಕೊರತೆಯನ್ನು ನೀಗಿಸಲು ಸಂಪನ್ಮೂಲ ಸಮತೋಲನದ ವಿಧಾನಗಳು ಬೆಳೆದವು. ಎಲಿಯಾಹು ಗೋಲ್ಡ್‌ರಾಟ್ ಅವರು 1997ರಲ್ಲಿ ಪ್ರಕಟಿಸಿದ 'ಕ್ರಿಟಿಕಲ್ ಚೈನ್' ಕೃತಿಯು ಸಿಬ್ಬಂದಿಯ ಮಿತಿಯನ್ನೇ ಯೋಜನೆಯ ಲೆಕ್ಕಾಚಾರದ ಕೇಂದ್ರಕ್ಕೆ ತಂದಿತು.

ಬೇಡಿಕೆಯ ಸಲ್ಲಿಕೆ ಮತ್ತು ಹಂಚಿಕೆ

ಸಾಮಾನ್ಯವಾಗಿ ಯೋಜನೆಯ ಮುಖ್ಯಸ್ಥರು ಸಿಬ್ಬಂದಿಗಾಗಿ ಬೇಡಿಕೆ ಸಲ್ಲಿಸುತ್ತಾರೆ. ಅದರಲ್ಲಿ ಬೇಕಾದ ಕೌಶಲ, ವಾರಕ್ಕೆ ಬೇಕಾದ ಗಂಟೆಗಳು, ಆರಂಭ ಮತ್ತು ಮುಕ್ತಾಯದ ದಿನಾಂಕ ಹಾಗೂ ಕೆಲಸದ ಆದ್ಯತೆ ಸ್ಪಷ್ಟವಾಗಿರಬೇಕು. ವ್ಯಕ್ತಿಯ ಹೆಸರಿಗಿಂತ ಕೌಶಲವನ್ನು ಸೂಚಿಸುವುದು ಮೇಲು. ಎಲ್ಲರೂ ಒಬ್ಬರನ್ನೇ ಕೇಳತೊಡಗಿದರೆ ಉಳಿದವರು ಕಲಿಯುವ ಅವಕಾಶ ಕಳೆದುಕೊಳ್ಳುತ್ತಾರೆ, ಆ ಒಬ್ಬರು ಬಳಲುತ್ತಾರೆ.

ಹಂಚಿಕೆಯಲ್ಲಿ ತಾತ್ಕಾಲಿಕ ಮತ್ತು ಖಚಿತ ಎಂದು ಎರಡು ಬಗೆ. ಒಪ್ಪಂದ ಇನ್ನೂ ಆಗದ ಯೋಜನೆಗೆ ಕಾಯ್ದಿರಿಸಿದ ಸಮಯ ತಾತ್ಕಾಲಿಕ. ಇದನ್ನು ಖಚಿತವೆಂದು ಎಣಿಸಿದರೆ ಸಿಬ್ಬಂದಿ ಇದ್ದೂ ಇಲ್ಲದಂತಾಗುತ್ತದೆ; ಎಣಿಸದೇ ಬಿಟ್ಟರೆ ಒಬ್ಬರೇ ಎರಡು ಕಡೆ ಹಂಚಿಹೋಗುವ ಅಪಾಯವಿದೆ. ಮ್ಯಾಟ್ರಿಕ್ಸ್ ಮಾದರಿಯ ಸಂಸ್ಥೆಗಳಲ್ಲಿ ಒಬ್ಬ ನೌಕರರು ತಮ್ಮ ವಿಭಾಗದ ಮುಖ್ಯಸ್ಥರಿಗೂ ಯೋಜನೆಯ ಮುಖ್ಯಸ್ಥರಿಗೂ ಉತ್ತರದಾಯಿಗಳಾಗಿರುವುದರಿಂದ, ಆದ್ಯತೆಯನ್ನು ತೀರ್ಮಾನಿಸುವ ಅಧಿಕಾರ ಯಾರದೆಂದು ಮೊದಲೇ ಗೊತ್ತಿರಬೇಕು.

ಸಾಮರ್ಥ್ಯದ ಲೆಕ್ಕ

ತಲೆಗಳ ಎಣಿಕೆಯೇ ಸಾಮರ್ಥ್ಯವಲ್ಲ. ಉದಾಹರಣೆಗೆ, ವಾರಕ್ಕೆ ತಲಾ 40 ಗಂಟೆ ದುಡಿಯುವ 6 ಜನರ ತಂಡದ ಒಟ್ಟು ಸಮಯ 240 ಗಂಟೆ. ಒಬ್ಬರು ವಾರವಿಡೀ ರಜೆಯಲ್ಲಿದ್ದರೆ ಉಳಿಯುವುದು 200. ಅದರಲ್ಲಿ ಸಭೆ, ತರಬೇತಿ, ಹಳೆಯ ಕೆಲಸಗಳ ದುರಸ್ತಿ ಇತ್ಯಾದಿಗೆ ಶೇಕಡಾ 25 ಕಳೆದರೆ ಯೋಜನೆಗಳಿಗೆ ದೊರೆಯುವುದು 150 ಗಂಟೆ ಮಾತ್ರ. ಮೂರು ಯೋಜನೆಗಳು ಕ್ರಮವಾಗಿ 80, 60 ಮತ್ತು 50 ಗಂಟೆ ಕೇಳಿದರೆ ಬೇಡಿಕೆ 190, ಕೊರತೆ 40. ಆಗ ಒಂದು ಕೆಲಸವನ್ನು ಮುಂದೂಡಬೇಕು, ಅದರ ವ್ಯಾಪ್ತಿಯನ್ನು ಕಿರಿದಾಗಿಸಬೇಕು ಅಥವಾ ಹೊರಗಿನಿಂದ ಜನರನ್ನು ತರಬೇಕು. ಯಾವುದನ್ನೂ ಮಾಡದೆ ಮೂರಕ್ಕೂ ಒಪ್ಪಿಕೊಂಡರೆ ಆ 40 ಗಂಟೆಗಳ ಹೊರೆ ಸಿಬ್ಬಂದಿಯ ವಿಶ್ರಾಂತಿಯ ಮೇಲೋ ಕೆಲಸದ ಗುಣಮಟ್ಟದ ಮೇಲೋ ಬೀಳುತ್ತದೆ.

ಕೊರತೆ ಕಂಡಾಗ ಹೊಸಬರನ್ನು ಸೇರಿಸುವುದೂ ಎಲ್ಲ ಸಂದರ್ಭಗಳಲ್ಲಿ ಪರಿಹಾರವಲ್ಲ. ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು 1975ರಲ್ಲಿ ಫ್ರೆಡ್ ಬ್ರೂಕ್ಸ್ ಪ್ರತಿಪಾದಿಸಿದ ನಿಯಮ. ಹೊಸಬರಿಗೆ ಕಲಿಸಲು ಹಳಬರ ಸಮಯ ವ್ಯಯವಾಗುತ್ತದೆ. ಪರಸ್ಪರ ಮಾತುಕತೆಯ ಹೊರೆಯೂ ಏರುತ್ತದೆ. 5 ಜನರ ನಡುವೆ 10 ಜೋಡಿ ಸಂಪರ್ಕಗಳಿದ್ದರೆ, 10 ಜನರ ನಡುವೆ ಅವು 45 ಆಗುತ್ತವೆ.

ಬಿಡುವಿನ ಅಗತ್ಯ

ಎಲ್ಲರೂ ಸದಾ ಕೆಲಸದಲ್ಲಿ ಮುಳುಗಿರುವುದೇ ದಕ್ಷತೆ ಎಂಬ ನಂಬಿಕೆಯನ್ನು ಸರತಿ ಸಿದ್ಧಾಂತ ಒಪ್ಪುವುದಿಲ್ಲ. ಕೆಲಸಗಳು ಅನಿಯಮಿತವಾಗಿ ಬಂದು, ಪ್ರತಿಯೊಂದೂ ಬೇರೆ ಬೇರೆ ಅವಧಿ ತೆಗೆದುಕೊಳ್ಳುವ ಸರಳ ಮಾದರಿಯಲ್ಲಿ ಒಬ್ಬರ ಸಮಯದ ಶೇಕಡಾ 80 ತುಂಬಿದ್ದರೆ, ಹೊಸ ಕೆಲಸವು ತನ್ನ ಸರಾಸರಿ ಅವಧಿಯ 4 ಪಟ್ಟು ಕಾಲ ಕಾಯುತ್ತದೆ. ಶೇಕಡಾ 90 ತುಂಬಿದಾಗ ಅದು 9 ಪಟ್ಟು, 95 ತುಂಬಿದಾಗ 19 ಪಟ್ಟು ಆಗುತ್ತದೆ. ಆದ್ದರಿಂದ ವೇಳಾಪಟ್ಟಿಯಲ್ಲಿ ಉಳಿಸಿಕೊಂಡ ಬಿಡುವು ಸೋಮಾರಿತನವಲ್ಲ; ಅನಿರೀಕ್ಷಿತವನ್ನು ಎದುರಿಸಲು ಇರಿಸಿದ ಮೀಸಲು.

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸೇವಾ ಕಂಪನಿಗಳಲ್ಲಿ, ಒಂದು ಯೋಜನೆ ಮುಗಿದು ಮತ್ತೊಂದು ದೊರೆಯದ ನೌಕರರನ್ನು 'ಬೆಂಚ್‌ನಲ್ಲಿ' ಇರುವವರೆಂದು ಕರೆಯುವ ರೂಢಿಯಿದೆ. ಅವರ ಸಂಬಳ ಕಂಪನಿಗೆ ವೆಚ್ಚವೆನಿಸಿದರೂ, ಬೆಂಚ್ ಬರಿದಾಗಿದ್ದರೆ ಹೊಸ ಯೋಜನೆಯನ್ನು ಕೂಡಲೇ ಆರಂಭಿಸಲಾಗದು. ನೌಕರರ ದೃಷ್ಟಿಯಲ್ಲಿ ಅದು ಕಲಿಕೆಯ ಕಾಲವೂ ಹೌದು, ಉದ್ಯೋಗ ಉಳಿಯುವುದೋ ಇಲ್ಲವೋ ಎಂಬ ಆತಂಕದ ಕಾಲವೂ ಹೌದು.

ಸಾರ್ವಜನಿಕ ಸೇವೆಯಲ್ಲಿ

ಒಂದೇ ಸಿಬ್ಬಂದಿಗೆ ಹಲವು ಕಡೆಯಿಂದ ಬೇಡಿಕೆ ಬರುವುದು ಕಂಪನಿಗಳಿಗೆ ಸೀಮಿತವಲ್ಲ. ಭಾರತದ ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೆಯ ಕಲಮು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವುದನ್ನು ನಿಷೇಧಿಸಿ, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳಿಗೆ ಮಾತ್ರ ವಿನಾಯಿತಿ ನೀಡಿದೆ. ಇದೇ ಕಾಯ್ದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇರುವ ಶಾಲೆಗೆ ಇಬ್ಬರು ಶಿಕ್ಷಕರು. ಅಂತಹ ಶಾಲೆಯಿಂದ ಒಬ್ಬರು ಬೇರೆ ಕರ್ತವ್ಯಕ್ಕೆ ಹೋದರೆ, ಜಿಲ್ಲೆಯ ಪಟ್ಟಿಯಲ್ಲಿ ಕಡಿಮೆಯಾಗುವುದು ಒಂದು ಹೆಸರು; ಶಾಲೆಯಲ್ಲಿ ಕಡಿಮೆಯಾಗುವುದು ಅರ್ಧ ಸಾಮರ್ಥ್ಯ. ಉಳಿದ ಒಬ್ಬರೇ ಐದೂ ತರಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ನಿಯೋಜನೆಗೆ ಮುನ್ನ ಒಟ್ಟು ಸಂಖ್ಯೆಯ ಜೊತೆಗೆ, ಸಿಬ್ಬಂದಿ ಬಿಟ್ಟುಬರುವ ಸ್ಥಳದಲ್ಲಿ ಉಳಿಯುವ ಸಾಮರ್ಥ್ಯವನ್ನೂ ಲೆಕ್ಕಹಾಕುವುದು ಅಗತ್ಯ.