ಪುರದ ಸಗಣಿ ಲೆಕ್ಕ

ಗ್ರೇಟರ್ ನೋಯ್ಡಾದಲ್ಲಿರೋ ನಮ್ಮವರು ಇದನ್ನ ನೋಡೇ ಇರ್ತೀರಿ. ಸೊಸೈಟಿ ಗೇಟ್ ದಾಟಿ ಹಳ್ಳಿ ಕಡೆ ಹೋದ್ರೆ ಬೆರಣಿಗಳನ್ನ ಸಣ್ಣ ಗುಡಿಸಲಿನ ಥರ ಒಟ್ಟಿ, ಮೇಲೆ ಹುಲ್ಲು ಹೊದಿಸಿರ್ತಾರೆ. ಒಲೆಗೆ ಅದೇ ಉರುವಲು. ಸುಟ್ಟಾಗ ಶಾಖವೇನೋ ಸಿಗುತ್ತೆ, ಆದರೆ ಹೊಲ ಸೇರಬೇಕಿದ್ದ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತೆ.

ಉರುವಲೂ ಬೇಕು, ಗೊಬ್ಬರವೂ ಬೇಕು ಅನ್ನೋರಿಗೆ ಇರೋ ದಾರಿ ಗೋಬರ್ ಗ್ಯಾಸ್. ಗಾಳಿಯಾಡದ ಗುಂಡಿಯಲ್ಲಿ ಸಗಣಿ, ನೀರು ಕಲಸಿ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್; ಸಾರಜನಕದ ಬಹುಪಾಲು ಬಗ್ಗಡದಲ್ಲೇ ಉಳಿಯುತ್ತದೆ. ಹಿಂದಿಯವರ ಗೋಬರ್ ಒಳಗೆ ಹೋಗಿ ನಮ್ಮ ಗೊಬ್ಬರ ಹೊರಗೆ ಬರುತ್ತೆ ಅನ್ನಿ!

ಇದರ ಇತಿಹಾಸದಲ್ಲಿ ನಾವಿರೋ ಈ ಸೀಮೆಗೂ ಪಾಲಿದೆ. 1939ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿ ಪ್ರಯೋಗ ಮಾಡಿದರು. ಐವತ್ತರ ದಶಕದಲ್ಲಿ ಜಶಭಾಯಿ ಪಟೇಲರು ತೇಲುವ ಕಬ್ಬಿಣದ ಡ್ರಮ್ಮಿನ ಮಾದರಿ ರೂಪಿಸಿದರು, ಮುಂದೆ ಖಾದಿ ಆಯೋಗ ಅದನ್ನು ಹಳ್ಳಿಗಳಿಗೆ ಒಯ್ದಿತು. ಉತ್ತರ ಪ್ರದೇಶದ ಅಜಿತ್‌ಮಲ್‌ನಲ್ಲಿ ಸಂಶೋಧನಾ ಕೇಂದ್ರವೇ ಶುರುವಾಯ್ತು. 1978ರ ಜನತಾ ಮಾದರಿ ಹುಟ್ಟಿದ್ದು ಅಲ್ಲೇ. ಇವೆಲ್ಲ ಗುಂಡಿ ಹೇಗಿರಬೇಕು ಅನ್ನೋದರ ಕಥೆ. ಊರಿಗೆ ಅದು ಯಾಕೆ ಬೇಕು ಅನ್ನೋ ಕಥೆ ಕುಣಿಗಲ್ ತಾಲ್ಲೂಕಿನದು. ನನಗೆ ಹೆಚ್ಚು ಇಷ್ಟ ಆಗೋದು ಅದೇ.

ಅಮೂಲ್ಯ ಕೆ.ಎನ್. ರೆಡ್ಡಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್. ಬೋಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕ ಪ್ರಪಂಚದಾದ್ಯಂತ ಓದಲ್ಪಟ್ಟಿದೆ. ಅಂಥವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕ್ಷೇತ್ರ ಕೇಂದ್ರ. ಖಾದಿ ಆಯೋಗದ ಗುಂಡಿಯನ್ನು ಅಳೆದು ನೋಡಿ, ಆಳ ಕಡಿಮೆ ಮಾಡಿ, ಅಗಲ ಹೆಚ್ಚಿಸಿ, ಖರ್ಚು ಇಳಿಸಿದರು. ಹತ್ತಿರದ ಪುರ ಅನ್ನೋ ಪುಟ್ಟ ಊರಲ್ಲಿ ಇಡೀ ಊರಿಗೆ ಒಂದೇ ಸ್ಥಾವರ ಕಟ್ಟಿ, ಎಲ್ಲರ ಮನೆಗೂ ಅಡುಗೆ ಅನಿಲ ಕೊಡೋದು ಮೊದಲ ಯೋಜನೆ.

ಅದು ನಡೀಲಿಲ್ಲ. ಸಿಗುತ್ತಿದ್ದ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಪುರದವರು ಕಾಸು ಕೊಟ್ಟು ಸೌದೆ ಕೊಳ್ಳುತ್ತಿರಲಿಲ್ಲ. ಹೆಂಗಸರು, ಮಕ್ಕಳು ಹೋಗಿ ಆರಿಸಿ ತರುತ್ತಿದ್ದರು. ಆ ದುಡಿಮೆಗೆ ಮನೆಯ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಹಾಗಿರುವಾಗ ಗ್ಯಾಸಿಗೋಸ್ಕರ ಯಾರು ತಲೆಕೆಡಿಸಿಕೊಳ್ತಾರೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಸರಿ ಇತ್ತು, ರಿಕ್ವೈರ್‌ಮೆಂಟೇ ಬೇರೆ ಇತ್ತು.

ಊರಿನವರಿಗೆ ಬೇಕಿದ್ದದ್ದು ಕುಡಿಯೋ ನೀರು. 1987ರಲ್ಲಿ ಅದೇ ಅನಿಲವನ್ನು, ಜೊತೆಗೆ ಸ್ವಲ್ಪ ಡೀಸೆಲ್ಲನ್ನು, ಎಂಜಿನ್ನಿಗೆ ಕೊಟ್ಟು 5 ಕೆವಿಎ ಜನರೇಟರ್ ಓಡಿಸಿದರು. ಕೊಳವೆಬಾವಿಯ ಪಂಪಿನಿಂದ ನಲ್ಲಿಗೆ ನೀರು ಬಂತು, ಮನೆಗಳಲ್ಲಿ 20 ವ್ಯಾಟ್ ಟ್ಯೂಬ್‌ಲೈಟ್ ಉರಿಯಿತು. ಇಷ್ಟಕ್ಕೆ ಇದ್ದ ಸಗಣಿ ಸಾಕಾಯಿತು.

ಇನ್ನು ಆ ಸಗಣಿಯ ವಿಷಯ. ಇಲ್ಲಿಯ ಹಾಗಲ್ಲ, ಪುರದಲ್ಲಿ ಬೆರಣಿ ಸುಡುವ ರೂಢಿ ಇರಲಿಲ್ಲ. ಸಗಣಿ ಅಂದರೆ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ತನ್ನ ಹೊಲದ ಗೊಬ್ಬರವನ್ನ ಊರಿನ ಗುಂಡಿಗೆ ಯಾರು ಸುರೀತಾರೆ? ಅದಕ್ಕೇ ಪ್ರತಿ ಮನೆ ತಂದ ಸಗಣಿಯನ್ನು ತೂಗಿ, ಬರೆದಿಟ್ಟು, ಅದಕ್ಕೆ ತಕ್ಕ ಬಗ್ಗಡ ವಾಪಸ್ ಕೊಡುವ ಪದ್ಧತಿ ಮಾಡಿದರು. ಬಗ್ಗಡ ನೀರುನೀರಾಗಿದ್ರೆ ಹೊರೋದು ಹೇಗೆ? ಮರಳಿನ ಹಾಸಿನ ಮೇಲೆ ಸೋಸಿ, ಮತ್ತೆ ಸಗಣಿಯಷ್ಟೇ ಗಟ್ಟಿ ಮಾಡಿದರು. ಮೇಲೆ ಕಿಲೋಗೆ 2 ಪೈಸೆ ಕೂಲಿ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳೇ, ಹಾಗಾಗಿ ದುಡ್ಡೂ ಅವರ ಕೈಗೇ. ಸ್ಥಾವರ ನಡೆಸಿದ್ದು ಊರಿನ ಹುಡುಗರೇ.

ಎಲ್ಲರದ್ದೂ ಆದದ್ದನ್ನು ಎಲ್ಲರೂ ಸೇರಿ ಹಾಳು ಮಾಡ್ತಾರೆ ಅಂತ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ರೆಡ್ಡಿ ಅದಕ್ಕೆ ಪುರವನ್ನೇ ಉತ್ತರವಾಗಿ ಇಟ್ಟರು: ಸಗಣಿ ಕೊಡದೆ ಉಳಿಸಿಕೊಳ್ಳೋ ಲಾಭಕ್ಕಿಂತ ನಲ್ಲಿ ನಿಂತರೆ ಆಗೋ ನಷ್ಟ ದೊಡ್ಡದು. ಹಾಗಂತ ಪುರ ಶಾಶ್ವತವಾಗಿ ಉಳಿಯಲಿಲ್ಲ. ರೆಡ್ಡಿಯವರು 2004ರಲ್ಲಿ ಅದರ ಪಾಠಗಳ ಬಗ್ಗೆಯೇ ಒಂದು ಪ್ರಬಂಧ ಬರೆದು, 2006ರಲ್ಲಿ ತೀರಿಕೊಂಡರು.

ಇತ್ತ ಶಿರಸಿ ಕಡೆ ಮನೆಮನೆಯ ಗೋಬರ್ ಗ್ಯಾಸ್ ಚೆನ್ನಾಗಿ ನಿಂತಿತು. ಅಡಿಕೆ ತೋಟಕ್ಕೆ ಗೊಬ್ಬರ ಬೇಕೇ ಬೇಕು, ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುತ್ತೆ.

ಈಗ 2018ರ ಸತತ್ ಯೋಜನೆಯ ನಂತರ ಹುಲ್ಲು, ಸಗಣಿ, ಸಕ್ಕರೆ ಕಾರ್ಖಾನೆಯ ಮಡ್ಡಿಯಿಂದ ವಾಹನಕ್ಕೆ ಗ್ಯಾಸ್ ಮಾಡೋ ದೊಡ್ಡ ಸ್ಥಾವರಗಳ ಕಾಲ. ಅಲ್ಲಿ ಉಳಿಯೋ ಗೊಬ್ಬರ ಮಾರಾಟವಾಗಲಿ ಅಂತ 2023ರಲ್ಲಿ ಕೇಂದ್ರ ಸರ್ಕಾರ ಟನ್ನಿಗೆ 1500 ರೂಪಾಯಿ ನೆರವು ಘೋಷಿಸಬೇಕಾಯ್ತು. ಪುರದಲ್ಲಿ ಅದನ್ನ ಹೆಂಗಸರು ತೂಕ ಹಾಕಿಸಿ, ತಮ್ಮ ಪಾಲು ಎಣಿಸಿ, ಮನೆಗೆ ಹೊತ್ತೊಯ್ಯುತ್ತಿದ್ದರು.