ರನ್ನನ ಸೌಮ್ಯ ಸಂವತ್ಸರವೂ ಗಣಕಯಂತ್ರದ ಕಾಲಗಣನೆಯೂ

ಕವಿಚಕ್ರವರ್ತಿ ರನ್ನನು ಬೆಳುಗಲಿ ಐನೂರರೊಳಗಣ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಮುದುವೊಳಲಿನವನು. ಆ ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. ಅಜಿತಪುರಾಣದಲ್ಲಿ ತನ್ನ ಬಳೆಗಾರ ಕುಲವನ್ನೂ, ತಂದೆ ಜಿನವಲ್ಲಭನನ್ನೂ, ತಾಯಿ ಅಬ್ಬಲಬ್ಬೆಯನ್ನೂ ಹೇಳಿಕೊಂಡಿರುವ ಈ ಕವಿಯು ಹುಟ್ಟಿದ ವರ್ಷವನ್ನು ಮಾತ್ರ ಸೌಮ್ಯ ಸಂವತ್ಸರವೆಂದಷ್ಟೇ ಹೇಳಿ ಮುಂದೆ ಸಾಗಿದ್ದಾನೆ.

ಸಂವತ್ಸರಗಳು ಅರವತ್ತು; ಅವು ಮುಗಿದೊಡನೆ ಅದೇ ಹೆಸರುಗಳು ಮರಳಿ ಬರುತ್ತವೆ. ಕ್ರಿ. ಶ. 889, 949, 1009 ಈ ಮೂರೂ ಸೌಮ್ಯ ಸಂವತ್ಸರಗಳೇ. ಸಮಕಾಲೀನರಿಗೆ ಇದರಿಂದ ತೊಡಕೇನೂ ಇರಲಿಲ್ಲ. ಇಷ್ಟು ಶತಮಾನಗಳ ತರುವಾಯ ಓದುವವರಿಗೆ ಬೇರೊಂದು ಸಾಕ್ಷಿ ಬೇಕು. ಸುದೈವದಿಂದ ಅಜಿತಪುರಾಣವು ಮುಗಿದ ಕಾಲವನ್ನು ಕವಿಯು ವಿಜಯ ಸಂವತ್ಸರವೆಂದು ಹೇಳುವುದರ ಜೊತೆಗೆ ಶಕ 915 ಎಂದೂ ಕೊಟ್ಟಿದ್ದಾನೆ. ಅದು ಕ್ರಿ. ಶ. 993. ಆದುದರಿಂದ ಅವನ ಜನನವು 949ರಲ್ಲಿ. ಕಾವ್ಯವನ್ನು ಮುಗಿಸಿದಾಗ ಅವನ ವಯಸ್ಸು 44. ಹಿಂದಿನ ಸೌಮ್ಯವನ್ನು ಹಿಡಿದರೆ 104 ಆಗುತ್ತದೆ. ಮುಂದಿನದನ್ನು ಹಿಡಿದರೆ ಕವಿಯು ಹುಟ್ಟುವ ಮೊದಲೇ ಕಾವ್ಯ ಬರೆದಂತಾಗುತ್ತದೆ! ಅತ್ತ ಗದಾಯುದ್ಧದ ಕಾಲದ ವಿಷಯದಲ್ಲಿ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಶಕವರ್ಷದ ಭಾಗವು ಒಡೆದುಹೋದ ಶಾಸನಗಳ ಪಾಡೂ ಇದೇ: ಅರಸನ ಹೆಸರೋ ಲಿಪಿಯ ರೂಪವೋ ನೆರವಿಗೆ ಬಾರದಿದ್ದರೆ ಸಂವತ್ಸರವೊಂದರಿಂದಲೇ ಏನನ್ನೂ ನಿರ್ಧರಿಸಲಾಗದು.

ಇದನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರಗಳಿಗೆ ಲೆಕ್ಕ ಬರೆದವರು ಇಂಥದೇ ಸಂಕ್ಷೇಪವನ್ನು ಕೈಕೊಂಡರು. ಎಂಬತ್ತು ಅಕ್ಷರಗಳಷ್ಟೇ ಹಿಡಿಯುವ ರಂಧ್ರಕಾರ್ಡುಗಳಲ್ಲಿ ಎಡೆ ಕಡಿಮೆ, ಯಂತ್ರದ ಸ್ಮೃತಿಗೆ ಬೆಲೆ ಹೆಚ್ಚು. ಆದಕಾರಣ 1965 ಎಂಬುದನ್ನು 65 ಎಂದು ಬರೆದರು. ನಮ್ಮ ಚಕ್ರ ಅರವತ್ತರದು, ಅವರದು ನೂರರದು. ವ್ಯತ್ಯಾಸವೇನೆಂದರೆ ಸಂಶಯ ಬಂದಲ್ಲಿ ಪಂಡಿತನು ನಿಂತು ವಿಚಾರಿಸುತ್ತಾನೆ. ಯಂತ್ರಕ್ಕೆ ಸಂಶಯವೇ ಬಾರದು. 1992ರಲ್ಲಿ ಅಮೆರಿಕದ ವಿನೋನ ಎಂಬ ಊರಿನಲ್ಲಿ 1888ರಲ್ಲಿ ಹುಟ್ಟಿದ ವೃದ್ಧೆಯೊಬ್ಬಳಿಗೆ ಶಿಶುವಿಹಾರಕ್ಕೆ ಸೇರಬೇಕೆಂದು ಆಹ್ವಾನ ಬಂದಿತು. ಅವಳ ವಯಸ್ಸೂ 104! ಇದು ನಗೆಯ ಮಾತಾಯಿತು. 2000ರ ಆರಂಭದ ತಿಂಗಳುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಡೆದುದು ನಗೆಯ ಮಾತಲ್ಲ. ಗರ್ಭಿಣಿಯರ ವಯಸ್ಸನ್ನು ಯಂತ್ರವು ತಪ್ಪಾಗಿ ಎಣಿಸಿದುದರಿಂದ, ಹುಟ್ಟಲಿರುವ ಮಗುವಿಗೆ ಡೌನ್ ಲಕ್ಷಣದ ಸಂಭವವೆಷ್ಟೆಂಬ ವರದಿಯು 150ಕ್ಕೂ ಮಿಕ್ಕ ಸ್ತ್ರೀಯರಿಗೆ ತಪ್ಪಾಗಿ ತಲುಪಿತು.

2000ದ ಜನವರಿ 1ರಂದು ಲೋಕವ್ಯವಹಾರವು ನಿಲ್ಲಲಿಲ್ಲವೆಂದು ಆ ಭಯವನ್ನೇ ಹುಸಿಯೆನ್ನುವವರಿದ್ದಾರೆ. ಇದು ನ್ಯಾಯವಲ್ಲ. ಬೆಂಗಳೂರಿನವರೂ ಸೇರಿ ಅಸಂಖ್ಯ ತಂತ್ರಜ್ಞರು ವರ್ಷಗಟ್ಟಲೆ ಹಳೆಯ ಲೆಕ್ಕಗಳನ್ನು ತಿದ್ದಿದುದರ ಫಲವದು. ಆದರೆ ಎಲ್ಲೆಡೆಯೂ ನಾಲ್ಕಂಕಿ ಬರೆಯಲಿಲ್ಲ. ಕೆಲವೆಡೆ 00ರಿಂದ 29ರವರೆಗಿನದು ಈ ಶತಮಾನ, 30ರಿಂದ ಮುಂದಿನದು ಹಿಂದಿನ ಶತಮಾನ ಎಂಬಂಥ ಗೆರೆ ಎಳೆದು ಬಿಟ್ಟರು. ಮುಂದಿನ ಸೌಮ್ಯ ಸಂವತ್ಸರವು 2029ರಲ್ಲಿಯೇ ಬರುವುದು ಕಾಕತಾಳೀಯ. ಇನ್ನು 1970ರ ಆರಂಭದಿಂದ ಸೆಕೆಂಡುಗಳನ್ನು ಮೂವತ್ತೆರಡು ದ್ವಿಮಾನ ಸ್ಥಾನಗಳಲ್ಲಿ ಎಣಿಸುವ ಯಂತ್ರಗಳಿವೆ. ತಿದ್ದದೆ ಉಳಿದಲ್ಲಿ ಅವು 2038ರ ಜನವರಿ 19ರಂದು, ನಮ್ಮ ಗಡಿಯಾರದ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ಕಳೆದೊಡನೆ, 1901ರ ಡಿಸೆಂಬರಿಗೆ ಹಾರುವುವು.

ಗಣಕದ ಇನ್ನೊಂದು ದೋಷವು ನಮ್ಮ ಉಪಾಧ್ಯಾಯರಿಗೆ ಹೆಚ್ಚು ಪರಿಚಿತ. ಅದು ಬರಿಯ ವರ್ಷವನ್ನು ಒಪ್ಪದೆ ದಿನ, ತಿಂಗಳುಗಳನ್ನೂ ಕೇಳುತ್ತದೆ. ಹಿಂದೆ ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಬರೆಯುವ ರೂಢಿಯಿತ್ತು. ಆ ಊಹೆಯು ಈಗ ಗಣಕದಲ್ಲಿ ನಿಶ್ಚಯವಾಗಿ ಕುಳಿತಿದೆ. ಬೀಳಗಿಯ ಒಕ್ಕಲಿಗನಾಗಲಿ, ರಬಕವಿ-ಬನಹಟ್ಟಿಯ ನೇಕಾರನಾಗಲಿ ವೃದ್ಧಾಪ್ಯವೇತನಕ್ಕೆ ಹೋದಾಗ ಒಂದು ಕಾಗದದ ವರ್ಷ ಇನ್ನೊಂದಕ್ಕೆ ಹೊಂದದಿದ್ದರೆ, ಅವನ ಬಾಯಿಮಾತಿಗಿಂತ ಯಂತ್ರದ ಅಂಕಿಯೇ ಪ್ರಮಾಣವಾಗುತ್ತದೆ. ಊಹಿಸಿ ಬರೆದ ದಿನಾಂಕದ ಪಕ್ಕದಲ್ಲಿ ಅದು ಊಹೆಯೆಂಬ ಗುರುತನ್ನಿಡುವುದು ಶಾಸನಗಳನ್ನು ಪ್ರಕಟಿಸುವವರ ಹಳೆಯ ಪದ್ಧತಿ. ಜನನದ ದಾಖಲೆಗಳಲ್ಲಿಯೂ ಅಂಥದೊಂದು ಗುರುತಿಗೆ ಎಡೆಯಿರಬೇಕೆಂದು ನಮ್ಮ ಅಭಿಪ್ರಾಯ.